ಮೊದಲು ಸಹಿ, ಆಮೇಲೆ ಕಾಣಿಕೆ

ಪ್ರಶ್ನೆ

ಮಾನ್ಯರೇ,

ನನಗೆ ನಲವತ್ತೊಂದು ವರ್ಷ. ಊರು ಹನೂರು ತಾಲ್ಲೂಕಿನ ಮಾರ್ಟಳ್ಳಿ ಕಡೆಯ ಒಂದು ಹಳ್ಳಿ. ಕೊಳ್ಳೇಗಾಲದಲ್ಲಿ ಪಂಪ್‌ಸೆಟ್, ಪೈಪಿನ ಅಂಗಡಿ ಇಟ್ಟಿದ್ದೇನೆ. ಮೋಟಾರು ರಿವೈಂಡಿಂಗೂ ಮಾಡುತ್ತೇನೆ. ಹೆಂಡತಿ ಇದ್ದಾಳೆ, ಒಂಬತ್ತು ವರ್ಷದ ಮಗಳಿದ್ದಾಳೆ. ದೇವರ ದಯೆಯಿಂದ ಈಗ ಯಾವುದಕ್ಕೂ ಕೊರತೆಯಿಲ್ಲ. ಭಾನುವಾರದ ಪೂಜೆ ತಪ್ಪಿಸುವುದಿಲ್ಲ.

ನಾನು ಬೆಳೆದದ್ದು ಕಾಡುಗಳ್ಳ ವೀರಪ್ಪನ್ ಕಾಲದಲ್ಲಿ. ಕಾಡಿಗೆ ಹೋಗುವಂತಿರಲಿಲ್ಲ, ಸಂಜೆಯಾದ ಮೇಲೆ ಹೊರಗೆ ಬರುವಂತಿರಲಿಲ್ಲ. ಅಪ್ಪನಿಗೆ ಕೂಲಿ ಸಿಗದೆ ತಿಂಗಳುಗಟ್ಟಲೆ ಅಂಬಲಿ ಕುಡಿದದ್ದು ನೆನಪಿದೆ. ಅಣ್ಣ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕಲ್ಲುಕ್ವಾರಿ ಕೆಲಸಕ್ಕೆ ಹೋದ. ಆ ದುಡ್ಡಿನಲ್ಲೇ ನಾನು ಐಟಿಐ ಮುಗಿಸಿದ್ದು.

ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಇರುವ 2 ಎಕರೆ 10 ಗುಂಟೆ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ಅಣ್ಣ ಪೌತಿ ಖಾತೆ ಮಾಡಿಸೋಣ, ಬಂದು ಸಹಿ ಹಾಕು ಎಂದು ಕೇಳುತ್ತಲೇ ಇದ್ದಾನೆ. ಸಹಿ ಹಾಕಿದರೆ ನನ್ನ ಅರ್ಧ ಭಾಗ ಕೈತಪ್ಪುತ್ತದೇನೋ ಎಂದು ಏನಾದರೊಂದು ನೆಪ ಹೇಳಿ ಮುಂದೂಡಿದ್ದೇನೆ. ಖಾತೆ ಇಲ್ಲದೆ ಅವನಿಗೆ ಸೊಸೈಟಿಯಲ್ಲಿ ಬೆಳೆಸಾಲ ಸಿಕ್ಕಿಲ್ಲ. ಆನೆ ರಾಗಿ ತುಳಿದಾಗ ಪರಿಹಾರವೂ ಬರಲಿಲ್ಲ. ಅಮ್ಮ ಅವನ ಮನೆಯಲ್ಲೇ ಇದ್ದಾಳೆ. ಕಾಲು ಊದಿಕೊಳ್ಳುತ್ತದೆ, ಸಕ್ಕರೆ ಕಾಯಿಲೆಯೂ ಇದೆ. ಅತ್ತಿಗೆಯೇ ಬಸ್ಸಿನಲ್ಲಿ ಕಾಮಗೆರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುತ್ತಾಳೆ. ನಾನು ಆಗೊಮ್ಮೆ ಈಗೊಮ್ಮೆ ಸಾವಿರ ರೂಪಾಯಿ ಕಳಿಸುತ್ತೇನೆ. ಹೋದ ವರ್ಷ ಮಾತ್ರ ಊರ ಚರ್ಚಿನ ಹಬ್ಬಕ್ಕೆ ತೇರಿನ ದೀಪಾಲಂಕಾರವನ್ನೆಲ್ಲ ನಾನೇ ಕೊಡಿಸಿದೆ. ಮೈಕಿನಲ್ಲಿ ಹೆಸರು ಹೇಳಿದಾಗ ಅಣ್ಣ ಗುಂಪಿನಲ್ಲಿ ನಿಂತಿದ್ದ.

ಮೊನ್ನೆ ಯಳಂದೂರಿನಿಂದ ಅಕ್ಕ ಬಂದಿದ್ದಳು. ಅವಳ ಮಗ ಬಣ್ಣದ ಪೆನ್ಸಿಲು ಕೇಳಿದಾಗ ನನ್ನ ಮಗಳು, "ಕೊಟ್ಟರೆ ವಾಪಸ್ ಬರಲ್ಲ, ಅಪ್ಪ ಹೇಳಿದ್ದಾರೆ" ಎಂದಳು. ಹೆಂಡತಿ ನನ್ನ ಮುಖ ನೋಡಿದಳು. ಆವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಸ್ವಾರ್ಥ ಬಿಡಬೇಕೆಂದು ತಪಸ್ಸು ಕಾಲದಲ್ಲಿ ಉಪವಾಸ ಮಾಡಿದ್ದೇನೆ, ವೇಲಾಂಕಣಿಗೆ ಹರಕೆ ಹೊತ್ತು ಹೋಗಿಬಂದಿದ್ದೇನೆ. ವಾಪಸ್ ಬಂದು ಅಂಗಡಿ ಬಾಗಿಲು ತೆಗೆದರೆ ಮತ್ತೆ ಅದೇ ಮನುಷ್ಯ. ನನ್ನ ವಿಶ್ವಾಸವೇ ಸುಳ್ಳೇ? ಈ ಗುಣ ಹೋಗುವುದು ಹೇಗೆ?

ಹೆಸರು ಬೇಡ, ಕೊಳ್ಳೇಗಾಲ

ಉತ್ತರ

ಪ್ರಿಯ ಸಹೋದರರೇ,

ನಿಮ್ಮ ವಿಶ್ವಾಸ ಸುಳ್ಳಲ್ಲ. ಸುಳ್ಳಾಗಿದ್ದರೆ ಮಗಳ ಒಂದು ಮಾತಿಗೆ ನಿದ್ದೆ ಕೆಡುತ್ತಿರಲಿಲ್ಲ. ಆದರೆ ಆ ವಿಶ್ವಾಸವನ್ನು ಇಷ್ಟು ದಿನ ನೀವು ಇಟ್ಟ ಕಡೆ ಅದಕ್ಕೆ ಕೆಲಸವೇ ಇರಲಿಲ್ಲ. ಉಪವಾಸ, ಹರಕೆ, ಯಾತ್ರೆ, ತೇರಿನ ದೀಪ ಎಲ್ಲವನ್ನೂ ಮಾಡಿದ್ದೀರಿ. ನಿಮ್ಮ ಅಣ್ಣ ಇವುಗಳಲ್ಲಿ ಒಂದನ್ನೂ ಕೇಳಿರಲಿಲ್ಲ. ಅವರು ಏಳು ವರ್ಷದಿಂದ ಕೇಳುತ್ತಿರುವುದು ಒಂದು ಸಹಿಯನ್ನು. ನಾನು ಹೇಳಬೇಕಾದದ್ದರಲ್ಲಿ ಮುಖ್ಯವಾದದ್ದು ಇಷ್ಟೇ: ಸ್ವಾರ್ಥವನ್ನು ಮನಸ್ಸಿನೊಳಗೆ ಹುಡುಕಿ ಕಿತ್ತುಹಾಕುವ ಪ್ರಯತ್ನ ಬಿಡಿ. ನಿಮ್ಮ ಕೈಯಲ್ಲಿ ಉಳಿದುಬಿಟ್ಟಿರುವ ಬೇರೆಯವರ ಪಾಲನ್ನು ಮೊದಲು ಹಿಂದಿರುಗಿಸಿ. ಕೈ ಬಿಚ್ಚಿದಾಗ ಮನಸ್ಸೂ ಬಿಚ್ಚಿಕೊಳ್ಳುತ್ತದೆ.

ಇದನ್ನು ನಾನು ಹೊಸದಾಗಿ ಹೇಳುತ್ತಿಲ್ಲ. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುಸ್ವಾಮಿ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ಕಾಣಿಕೆ ಹಿಡಿದು ಪೀಠದ ಮುಂದೆ ನಿಂತಿರುವಾಗ, ಸಹೋದರನಿಗೆ ನಿನ್ನ ಮೇಲೆ ಅಸಮಾಧಾನವಿದೆ ಎಂಬುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ರಾಜಿಯಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂದರು. ಕಾಣಿಕೆ ಬೇಡ ಎನ್ನಲಿಲ್ಲ. ಅದರ ಸರದಿ ಯಾವಾಗ ಎಂದಷ್ಟೇ ಹೇಳಿದರು. ನೀವು ಆ ಸರದಿಯನ್ನು ತಿರುಗಿಸಿದ್ದೀರಿ. ಅದಕ್ಕೇ ಮೈಕಿನಲ್ಲಿ ಹೆಸರು ಕೇಳಿದಾಗ ನಿಮಗೆ ಸಂತೋಷವಾಗುವ ಬದಲು ಗುಂಪಿನಲ್ಲಿದ್ದ ಅಣ್ಣನ ಮುಖವೇ ಕಣ್ಣಿಗೆ ಬಿತ್ತು. ಆ ಕ್ಷಣದಲ್ಲಿ ನಿಮ್ಮ ಮನಸ್ಸಾಕ್ಷಿ ಸರಿಯಾಗಿಯೇ ಮಾತಾಡಿದೆ.

ಭಯದಿಂದ ಹುಟ್ಟಿದ ಗುಣ

ಮೊದಲು ನಿಮ್ಮ ಪರವಾಗಿ ಒಂದು ಮಾತು. ನಿಮ್ಮನ್ನು ನೀವು ಕೆಟ್ಟ ಮನುಷ್ಯ ಎಂದು ತೀರ್ಮಾನಿಸಿಕೊಂಡಿದ್ದೀರಿ. ಪತ್ರದಲ್ಲಿ ನನಗೆ ಕಂಡವನು ಹೆದರಿದ ಒಬ್ಬ ಹುಡುಗ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿದದ್ದರಿಂದ ಹಿಡಿದು 2004ರ ಅಕ್ಟೋಬರಿನಲ್ಲಿ ವೀರಪ್ಪನ್ ಸಾಯುವವರೆಗೆ ನಿಮ್ಮ ಸೀಮೆಯ ಕಾಡಂಚಿನ ಹಳ್ಳಿಗಳು ಪೊಲೀಸರ ಮತ್ತು ಅವನ ಬಂದೂಕಿನ ನಡುವೆ ಬದುಕಿದವು. ನಾಳೆ ಅಪ್ಪ ಮನೆಗೆ ಬರುತ್ತಾನೋ ಇಲ್ಲವೋ, ಒಲೆ ಹತ್ತುತ್ತದೋ ಇಲ್ಲವೋ ಎಂಬುದು ಗೊತ್ತಿಲ್ಲದೆ ಬೆಳೆದ ಮಗು, ಕೈಗೆ ಸಿಕ್ಕಿದ್ದನ್ನು ಬಿಡಬಾರದು ಎಂದು ಕಲಿಯುತ್ತದೆ. ಆಗ ಅದು ತಪ್ಪಾಗಿರಲಿಲ್ಲ, ಜೀವ ಉಳಿಸಿಕೊಳ್ಳುವ ದಾರಿಯಾಗಿತ್ತು. ಈಗ ನಿಮ್ಮ ಅಂಗಡಿಯಲ್ಲಿ ಸರಕು ತುಂಬಿದೆ, ಮನೆಯಲ್ಲಿ ಅಕ್ಕಿ ತುಂಬಿದೆ, ಆ ಹುಡುಗನ ಭಯ ಮಾತ್ರ ಹಾಗೇ ಉಳಿದಿದೆ. ಸಹಿ ಕೇಳಿದಾಗ ಪೆನ್ನು ಹಿಡಿಯಲು ಬಿಡದೆ ತಡೆದದ್ದು ಆ ಭಯವೇ.

ಆದರೆ ಇನ್ನೂ ಒಂದನ್ನು ನೋಡಬೇಕು. ಅದೇ ಮನೆಯಲ್ಲಿ, ಅದೇ ಅಂಬಲಿ ಕುಡಿದು, ಅದೇ ಭಯದಲ್ಲಿ ನಿಮ್ಮ ಅಣ್ಣನೂ ಬೆಳೆದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಕಲ್ಲು ಒಡೆಯಲು ಹೋದರು. ಅವರು ತಮ್ಮ ಕೂಲಿಯನ್ನು ಮುಚ್ಚಿಟ್ಟುಕೊಳ್ಳಬಹುದಿತ್ತು. ನಿಮ್ಮ ಐಟಿಐಗೆ ಕೊಟ್ಟರು. ಬಡತನ ಮನುಷ್ಯನನ್ನು ಮುದುಡಿಸುವುದುಂಟು, ಆದರೆ ಮುದುಡಲೇಬೇಕೆಂಬ ಕಟ್ಟಳೆಯೇನಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಮನೆಯಲ್ಲೇ ಇದ್ದಾರೆ. ಇದನ್ನು ನಿಮ್ಮನ್ನು ಹೀಯಾಳಿಸಲು ಹೇಳುತ್ತಿಲ್ಲ. ಆ ಔದಾರ್ಯ ನಿಮ್ಮ ಮನೆತನದ್ದೇ, ನಿಮಗೂ ಸಾಧ್ಯ ಎಂಬ ಧೈರ್ಯಕ್ಕೆ ಹೇಳುತ್ತಿದ್ದೇನೆ.

ಸಿರಿಯಿದ್ದೂ ಕೈ ಬಿಚ್ಚಲಾರದ ಸಂಕಟ ನಮ್ಮ ಸೀಮೆಗೆ ಹಳೆಯದು. ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ಬೇವಿನಹಟ್ಟಿ ಕಾಳಮ್ಮ ಬರುತ್ತಾಳಲ್ಲ, ಎಲ್ಲ ಇದ್ದೂ ಭಿಕ್ಷೆಗೆ ಬಂದವನಿಗೆ ಇಲ್ಲ ಎಂದವಳು. ಚರ್ಚಿಗೆ ಹೋಗುವವರಾಗಲಿ, ಮಾದಪ್ಪನ ಬೆಟ್ಟಕ್ಕೆ ಪರಿಷೆ ಹೋಗುವವರಾಗಲಿ, ಈ ಗುಣದ ಮುಂದೆ ಎಲ್ಲರೂ ಒಂದೇ.

ಲೂಕನ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿ ಯೇಸು ಹೇಳುವ ಶ್ರೀಮಂತ ರೈತನ ಸಾಮತಿಯನ್ನು ಎಷ್ಟೋ ಸಲ ಕೇಳಿರುತ್ತೀರಿ. ಬೆಳೆ ಹೆಚ್ಚಾಯಿತೆಂದು ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟವನು, ಅದೇ ರಾತ್ರಿ ಸತ್ತ. ಆದರೆ ಆ ಕಥೆ ಬಂದದ್ದು ಯಾವ ಮಾತಿಗೆ ಉತ್ತರವಾಗಿ ಎಂಬುದು ಬಹಳ ಜನರ ನೆನಪಿನಲ್ಲಿರುವುದಿಲ್ಲ. ಗುಂಪಿನಲ್ಲಿದ್ದ ಒಬ್ಬ, ಪಿತ್ರಾರ್ಜಿತ ಆಸ್ತಿಯಲ್ಲಿ ನನಗೆ ಪಾಲು ಕೊಡುವಂತೆ ನನ್ನ ಸಹೋದರನಿಗೆ ಹೇಳಿ ಎಂದು ಯೇಸುವನ್ನು ಕೇಳುತ್ತಾನೆ. ಅದೂ ಅಣ್ಣತಮ್ಮಂದಿರ ಆಸ್ತಿಯ ಜಗಳವೇ! ಯೇಸು ಪಂಚಾಯಿತಿ ಮಾಡಲು ಒಪ್ಪಲಿಲ್ಲ, ಈ ಕಥೆ ಹೇಳಿದರು. ಮನೆಗೆ ಹೋಗಿ ಆ ಭಾಗವನ್ನು ಮತ್ತೊಮ್ಮೆ ಓದಿ. ಆ ರೈತ ಕಥೆಯುದ್ದಕ್ಕೂ ತನ್ನೊಡನೆ ತಾನೇ ಮಾತಾಡಿಕೊಳ್ಳುತ್ತಾನೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಹೊಲದಲ್ಲಿ ದುಡಿದ ಆಳುಗಳಿಲ್ಲ. ಆ ಒಂಟಿತನದಿಂದ ಹೊರಗೆ ಬರುವ ದಾರಿಯನ್ನೇ ನೀವು ಕೇಳುತ್ತಿದ್ದೀರಿ.

ಲೆಕ್ಕ ಸರಿಯಾಗಿ ತಿಳಿಯಲಿ

ಈಗ ಜಮೀನಿನ ವಿಷಯ. ಧರ್ಮದ ಮಾತಿನ ನಡುವೆ ಕಾನೂನು ಏಕೆ ಎನ್ನಬೇಡಿ. ನ್ಯಾಯವಾಗಿ ಯಾರಿಗೆ ಎಷ್ಟು ಎಂಬುದು ತಿಳಿಯದೆ, ಯಾವುದು ತ್ಯಾಗ, ಯಾವುದು ಬಾಕಿ ಎಂಬುದೂ ತಿಳಿಯುವುದಿಲ್ಲ.

ಅರ್ಧ ನನ್ನದು ಎಂದು ಬರೆದಿದ್ದೀರಿ. ಅದು ಸರಿಯಲ್ಲ. ಕ್ರೈಸ್ತ ಕುಟುಂಬಗಳಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಜಮೀನು ನಿಮ್ಮ ತಂದೆಯವರ ಸ್ವಂತದ್ದಾಗಿದ್ದು, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಮೂರರಲ್ಲಿ ಒಂದು ಭಾಗ ನಿಮ್ಮ ತಾಯಿಯವರದು. ಉಳಿದ ಎರಡು ಭಾಗ ಮಕ್ಕಳೆಲ್ಲರಿಗೆ ಸಮನಾಗಿ ಹೋಗುತ್ತದೆ. ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವಿಲ್ಲ. ಮದುವೆಯಾಗಿ ಹೋದ ಮಗಳಿಗೂ ಅಷ್ಟೇ ಪಾಲು. ನೀವು ಮೂವರೇ ಮಕ್ಕಳು ಎಂದುಕೊಂಡು ಲೆಕ್ಕ ಹಾಕೋಣ. 2 ಎಕರೆ 10 ಗುಂಟೆ ಎಂದರೆ 90 ಗುಂಟೆ. ಅದರಲ್ಲಿ ತಾಯಿಯವರಿಗೆ 30. ಅಣ್ಣನಿಗೆ 20, ನಿಮಗೆ 20, ಯಳಂದೂರಿನ ಅಕ್ಕನಿಗೆ 20.

ನಿಮ್ಮದೆಂದು ಕಾಯುತ್ತ ಕುಳಿತ 45 ಗುಂಟೆಯಲ್ಲಿ 25 ಗುಂಟೆ ಎಂದೂ ನಿಮ್ಮದಾಗಿರಲಿಲ್ಲ. ನಿಮ್ಮ ಪತ್ರದಲ್ಲಿ ಅಕ್ಕ ಬರುವುದು ಪೆನ್ಸಿಲಿನ ಮಾತಿಗೆ ಮಾತ್ರ. ಆಸ್ತಿಯ ಮಾತಿನಲ್ಲಿ ಅವರ ಹೆಸರೇ ಇಲ್ಲ. ಇದನ್ನು ನೀವು ಬೇಕೆಂದು ಬಿಟ್ಟಿರಲಾರಿರಿ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಮದುವೆಯಲ್ಲೇ ಕೊಟ್ಟಾಯಿತು ಎಂದುಕೊಳ್ಳುವುದು ರೂಢಿ. ಸ್ವಾರ್ಥ ಬಹಳ ಸಲ ಹೀಗೆ ರೂಢಿಯ ಮರೆಯಲ್ಲಿ ಕೂತಿರುತ್ತದೆ. ಇದು ಕೆಟ್ಟದ್ದು ಎಂದು ಯಾರೂ ನಮಗೆ ಹೇಳುವುದಿಲ್ಲ, ಹಾಗಾಗಿ ನಮಗೂ ಹೊಳೆಯುವುದಿಲ್ಲ.

ಸಹಿ ಹಾಕಿದರೆ ಭಾಗ ಹೋಗುತ್ತದೆ ಎಂಬ ಭಯವೂ ಬೇಡ. ಖಾತೆ ಕಂದಾಯದ ದಾಖಲೆ. ತಾಯಿ ಮತ್ತು ಮೂವರು ಮಕ್ಕಳ ಹೆಸರಿಗೆ ಜಂಟಿ ಖಾತೆ ಮಾಡಿಸಿದರೆ ಯಾರ ಹಕ್ಕೂ ಕಳೆಯುವುದಿಲ್ಲ. ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಮುಂದೆ ಬೇರೆಬೇರೆ ಮಾಡಿಕೊಳ್ಳುವುದಾದರೆ ವಿಭಾಗಪತ್ರ ಬರೆದು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬಹುದು. ನಿಮ್ಮ 20 ಗುಂಟೆಯನ್ನು ಅಣ್ಣನಿಗೇ ಬಿಟ್ಟುಕೊಡುವ ಮನಸ್ಸಾದರೆ ಅದಕ್ಕೆ ಹಕ್ಕು ಬಿಡುಗಡೆ ಪತ್ರವಿದೆ. ಇದನ್ನು ಮಾತ್ರ ಭಾವುಕತೆಯಲ್ಲಿ, ಒಂದೇ ದಿನದಲ್ಲಿ ತೀರ್ಮಾನಿಸಬೇಡಿ. ಹೆಂಡತಿಯೊಡನೆ ಕೂತು ಯೋಚಿಸಿ. ಮನಸ್ಸು ತಣ್ಣಗಾದ ಮೇಲೂ ಕೊಡಬೇಕೆನಿಸಿದರೆ ಕೊಡಿ. ಕಾಗದಪತ್ರಗಳಲ್ಲಿ ಅನುಮಾನವಿದ್ದರೆ ಕೊಳ್ಳೇಗಾಲದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ನಿಮ್ಮ ತಾಯಿ ಮತ್ತು ಅಕ್ಕನಂಥ ಹೆಣ್ಣುಮಕ್ಕಳಿಗೆ ಅಲ್ಲಿ ಉಚಿತ ನೆರವು ಸಿಗುತ್ತದೆ.

ಜಕ್ಕಾಯನ ಕಥೆಯಲ್ಲಿ ನನಗೆ ಯಾವಾಗಲೂ ಎದ್ದು ಕಾಣುವುದು ಇಂಥ ಲೆಕ್ಕವೇ. ಯೇಸುವನ್ನು ನೋಡಲು ಮರ ಹತ್ತಿದ್ದ ಆ ಸುಂಕದವನು, ಇಂದು ನಿನ್ನ ಮನೆಗೆ ಬರುತ್ತೇನೆ ಎಂದು ಯೇಸು ಹೇಳಿದಾಗ, ಇಳಿದು ಅವರನ್ನು ಬರಮಾಡಿಕೊಂಡ. ಮನೆಯಲ್ಲಿ ಎದ್ದುನಿಂತು ತನ್ನ ಪಾಪದ ಬಗ್ಗೆ ಉದ್ದನೆಯ ಮಾತಾಡಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ಯಾರಿಂದಾದರೂ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ಸು ಎಂದು ಲೆಕ್ಕ ಹೇಳಿದ. ಈ ಮನೆಗೆ ಉದ್ಧಾರ ಬಂತು ಎಂದು ಯೇಸು ಹೇಳಿದ್ದು ಆ ಲೆಕ್ಕ ಕೇಳಿದ ಮೇಲೆ. ಪಾಪನಿವೇದನೆಗೆ ಹೋದಾಗ ನಿಮ್ಮ ಗುರುಗಳಿಗೆ ಇದನ್ನೆಲ್ಲ ಬಿಚ್ಚಿ ಹೇಳಿ. ಅವರು ಕ್ಷಮೆಯ ಮಾತಿನ ಜೊತೆಗೆ, ಪರರದ್ದನ್ನು ಹಿಂದಿರುಗಿಸಬೇಕು ಎಂಬುದನ್ನೂ ಹೇಳುತ್ತಾರೆ. ಧರ್ಮಸಭೆ ಹಿಂದಿನಿಂದಲೂ ಇವೆರಡನ್ನೂ ಬೇರೆ ಮಾಡಿಲ್ಲ.

ಅಣ್ಣನ ಮುಂದೆ ನಿಲ್ಲುವುದು ಹೇಗೆ

ಮೊದಲು ಅಕ್ಕನಿಗೆ ಫೋನ್ ಮಾಡಿ. ಖಾತೆಯಲ್ಲಿ ನಿನ್ನ ಹೆಸರೂ ಬರಬೇಕು, ಇಷ್ಟು ದಿನ ನಿನ್ನನ್ನು ಕೇಳಲೇ ಇಲ್ಲ ಎಂದು ಹೇಳಿ. ಆಮೇಲೆ ಊರಿಗೆ ಹೋಗಿ. ಗುರುಗಳನ್ನಾಗಲಿ, ಊರ ಹಿರಿಯರನ್ನಾಗಲಿ ಜೊತೆಗೆ ಕರೆದೊಯ್ಯಬೇಡಿ. ಸಾಕ್ಷಿ ಇಟ್ಟುಕೊಂಡು ಕೇಳಿದ ಕ್ಷಮೆ ಎದುರಿಗಿರುವವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ಕೈಯಲ್ಲಿ ದೊಡ್ಡ ಉಡುಗೊರೆಯೂ ಬೇಡ. "ಅಣ್ಣ, ಸಹಿ ಹಾಕದೆ ನಾನು ತಪ್ಪು ಮಾಡಿದೆ. ಅದರಿಂದ ನಿನಗೆ ಸಾಲ ಸಿಗಲಿಲ್ಲ, ಪರಿಹಾರವೂ ಬರಲಿಲ್ಲ. ಯಾವತ್ತು ನಾಡಕಚೇರಿಗೆ ಹೋಗೋಣ ಹೇಳು, ಅಂಗಡಿ ಮುಚ್ಚಿ ಬರುತ್ತೇನೆ" ಎಂದಷ್ಟು ಹೇಳಿದರೆ ಸಾಕು. "ಆದರೆ" ಎಂದು ಮುಂದುವರಿಸಬೇಡಿ. ನನಗೂ ಅಂಗಡಿ ಸಾಲ ಇತ್ತು, ನನಗೂ ಕಷ್ಟ ಇತ್ತು ಎಂಬುದು ನಿಜವೇ ಇರಬಹುದು. ಅದನ್ನು ಹೇಳುವ ದಿನ ಅದಲ್ಲ.

ಅವರು ಕೂಡಲೇ ತಬ್ಬಿಕೊಳ್ಳಲಿಕ್ಕಿಲ್ಲ. ಬೈಯಬಹುದು. ಅತ್ತಿಗೆ ಒಳಗಿನಿಂದಲೇ ಎರಡು ಮಾತು ಆಡಬಹುದು. ಕೇಳಿಸಿಕೊಳ್ಳಿ. ಕ್ಷಮೆ ಕೇಳುವುದು ನಿಮ್ಮ ಕೆಲಸ, ಕೊಡುವುದು ಬಿಡುವುದು ಅವರ ಇಷ್ಟ. ಆನೆ ತುಳಿದ ಬೆಳೆಗೆ ಸಿಗದೆ ಹೋದ ಪರಿಹಾರ ಎಷ್ಟಿತ್ತು, ಸೊಸೈಟಿ ಸಾಲ ಸಿಗದೆ ಕೈಸಾಲ ತಂದಿದ್ದರೆ ಕಟ್ಟಿದ ಬಡ್ಡಿ ಎಷ್ಟು ಎಂದು ಕೇಳಿ, ಅದನ್ನು ತುಂಬಿಕೊಡಿ. ಒಟ್ಟಿಗೆ ಆಗದಿದ್ದರೆ ತಿಂಗಳು ತಿಂಗಳು ಕೊಡಿ. ಇದನ್ನು ಸಹಾಯ ಎಂದು ಕರೆಯಬೇಡಿ. ಅವರಿಗೆ ಸಲ್ಲಬೇಕಾದ ಬಾಕಿ ಅದು.

ತಾಯಿಯವರ ವಿಷಯದಲ್ಲಿ ದುಡ್ಡಿಗಿಂತ ಮೊದಲು ನಿಮ್ಮ ಸಮಯ ಬೇಕು. ಆಸ್ಪತ್ರೆಗೆ ಹೋಗುವ ದಿನ ನೀವೇ ಊರಿಗೆ ಹೋಗಿ, ಅವರನ್ನು ಕೂರಿಸಿಕೊಂಡು ಕಾಮಗೆರೆಗೆ ಬನ್ನಿ. ಚೀಟಿ ಮಾಡಿಸಿ, ಸರದಿಯಲ್ಲಿ ಕೂತು, ಡಾಕ್ಟರು ಹೇಳಿದ್ದನ್ನು ಬರೆದುಕೊಂಡು, ಔಷಧಿ ತೆಗೆದುಕೊಂಡು, ಮತ್ತೆ ಮನೆಗೆ ಬಿಟ್ಟುಬನ್ನಿ. ಇಡೀ ದಿನ ಹೋಗುತ್ತದೆ, ವ್ಯಾಪಾರವೂ ಹೋಗುತ್ತದೆ. ಅತ್ತಿಗೆಯವರ ಅಂಥ ದಿನಗಳು ಎಷ್ಟು ಹೋಗಿವೆ ಎಂಬುದು ಆಗ ನಿಮಗೆ ಗೊತ್ತಾಗುತ್ತದೆ. ಸಾವಿರ ರೂಪಾಯಿ ಕಳಿಸಿದಾಗ ಗೊತ್ತಾಗದ್ದು, ಆ ಬೆಂಚಿನ ಮೇಲೆ ತಾಯಿಯ ಪಕ್ಕದಲ್ಲಿ ಕೂತಾಗ ಗೊತ್ತಾಗುತ್ತದೆ.

ಕಲಿತ ಕೆಲಸವೇ ಕರೆ

ಬಾಕಿ ತೀರಿಸಿದರೆ ಕೈ ಬಿಚ್ಚಿದಂತಾಯಿತು. ಆ ಕೈಗೆ ಒಂದು ಕೆಲಸ ಕೊಡದಿದ್ದರೆ ಅದು ಮತ್ತೆ ಮುಚ್ಚಿಕೊಳ್ಳುತ್ತದೆ. ಸ್ವಾರ್ಥ ಕೆಟ್ಟದ್ದು ಎಂದು ತಿಳಿದ ಮಾತ್ರಕ್ಕೆ ಯಾರೂ ಅದನ್ನು ಬಿಟ್ಟಿಲ್ಲ. ಅದಕ್ಕಿಂತ ದೊಡ್ಡದೊಂದು ಕೈಗೆ ಬಂದಾಗ ಬಿಟ್ಟಿದ್ದಾರೆ.

ಲೊಯೋಲದ ಇಗ್ನಾಸಿಯವರು ಮೊದಲು ಕೀರ್ತಿಯ ಹುಚ್ಚಿನ ಯೋಧರಾಗಿದ್ದರು. 1521ರಲ್ಲಿ ಪಾಂಪ್ಲೋನ ಕೋಟೆಯಲ್ಲಿ ಫಿರಂಗಿ ಗುಂಡು ಕಾಲಿಗೆ ಬಿದ್ದು ಹಾಸಿಗೆ ಹಿಡಿದರು. ಆ ದಿನಗಳಲ್ಲಿ ಕ್ರಿಸ್ತರ ಮತ್ತು ಸಂತರ ಜೀವನ ಓದುತ್ತ, ತಾನು ಇಷ್ಟು ದಿನ ದುಡಿದದ್ದು ಯಾರಿಗಾಗಿ, ಇನ್ನು ಮುಂದೆ ದುಡಿಯುವುದು ಯಾರಿಗಾಗಿ ಎಂಬ ಪ್ರಶ್ನೆ ಅವರನ್ನು ಹಿಡಿಯಿತು. ಅವರ ಛಲ, ಶಿಸ್ತು, ಧೈರ್ಯ ಎಲ್ಲೂ ಹೋಗಲಿಲ್ಲ. ಅದೇ ಗುಣಗಳಿಗೆ ಬೇರೆ ಯಜಮಾನರು ಸಿಕ್ಕರು. ನಿಮ್ಮ ಲೆಕ್ಕಾಚಾರದ ಬುದ್ಧಿ, ದುಡಿಮೆ, ಒಂದು ಪೈಸೆಯನ್ನೂ ಪೋಲು ಮಾಡದ ಜಾಣ್ಮೆ ಕೂಡ ಎಲ್ಲೂ ಹೋಗಬೇಕಾಗಿಲ್ಲ.

ನಮ್ಮ ಸುತ್ತಲೇ ನೋಡಿ. ನಿಮ್ಮ ತಾಯಿಯವರು ಹೋಗುವ ಕಾಮಗೆರೆಯ ಹೋಲಿ ಕ್ರಾಸ್ ಆಸ್ಪತ್ರೆ ಕನ್ಯಾಸ್ತ್ರೀಯರು ನಡೆಸುವಂಥದ್ದು. ಅವರು ಮನೆಮಠ ಬಿಟ್ಟು ಬಂದವರು. ಕಾಡಂಚಿನ ಹಳ್ಳಿಯವರಿಗೆ ಮೈಸೂರಿನವರೆಗೆ ಹೋಗದೆ ಚಿಕಿತ್ಸೆ ಸಿಗಬೇಕೆಂಬುದು ಅವರ ಪಾಲಿಗೆ ಪ್ರಾರ್ಥನೆಯ ಇನ್ನೊಂದು ರೂಪ. ಇತ್ತ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಅವರ ಪ್ರೇರಣೆ ವಿವೇಕಾನಂದರದು. ವೈದ್ಯರಾಗಿದ್ದ ಅವರು ಸೋಲಿಗರ ನಡುವೆ ವೈದ್ಯರಾಗಿಯೇ ಹೋದರು. ನಂಬಿಕೆ ಬೇರೆಯಾದರೂ ದಾರಿ ಒಂದೇ: ತಮಗೆ ಗೊತ್ತಿದ್ದ ಕೆಲಸವನ್ನು, ಆ ಕೆಲಸ ಬೇಕಾಗಿದ್ದವರ ನಡುವೆ ಮಾಡಿದರು.

ನಿಮಗೆ ಗೊತ್ತಿರುವುದು ಮೋಟಾರು. ನಿಮ್ಮ ಊರಿನ ಕಡೆ ಇಂದಿಗೂ ಎಷ್ಟು ಹುಡುಗರು ಓದು ಬಿಟ್ಟು ಕ್ವಾರಿಗೆ, ಗಡಿಯಾಚೆಯ ಕೂಲಿಗೆ ಹೋಗುತ್ತಿದ್ದಾರೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅವರಲ್ಲಿ ಒಬ್ಬನನ್ನೋ ಇಬ್ಬರನ್ನೋ ಅಂಗಡಿಗೆ ಕರೆತನ್ನಿ. ಹದಿನೆಂಟು ತುಂಬಿದವರಾಗಿರಲಿ. ಊಟ, ಬಸ್ ಖರ್ಚು, ನ್ಯಾಯವಾದ ಕೂಲಿ ಕೊಟ್ಟು ರಿವೈಂಡಿಂಗ್ ಕಲಿಸಿ. ಕಲಿತ ಮೇಲೆ ಅವರು ಹನೂರಿನಲ್ಲೋ ರಾಮಾಪುರದಲ್ಲೋ ಸ್ವಂತ ಅಂಗಡಿ ಇಟ್ಟು ನಿಮ್ಮ ಗಿರಾಕಿಗಳನ್ನೇ ಸೆಳೆದುಕೊಳ್ಳಬಹುದು. ಅದು ಗೊತ್ತಿದ್ದೂ ಕಲಿಸಬೇಕು. ನಿಮ್ಮ ಅಣ್ಣ ನಿಮ್ಮನ್ನು ಓದಿಸಿದಾಗ ಅವರಿಗೇನು ವಾಪಸ್ಸು ಬಂತು? ಕ್ವಾರಿಗೆ ಹೋಗಬೇಕಾಗಿದ್ದ ಒಬ್ಬ ಹುಡುಗನನ್ನು ಅವರು ಉಳಿಸಿದರು, ಆ ಹುಡುಗ ನೀವು. ನೀವು ಇನ್ನೊಬ್ಬನನ್ನು ಉಳಿಸಿದರೆ ಅಣ್ಣನ ಋಣ ತೀರುವುದಲ್ಲದೆ ಮುಂದಕ್ಕೂ ಸಾಗುತ್ತದೆ.

ನಿಮ್ಮ ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಇದ್ದರೆ ಅದನ್ನು ಸೇರಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಮ್ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರನ್ನು ಕೂಡಿಕೊಂಡು ಆರಂಭಿಸಿದ ಸಭೆ ಅದು. ಬಡವರ ಮನೆಗೆ ತಾವೇ ಹೋಗಿ ಕೂತು ಮಾತಾಡಿ ಬರುವುದು ಅವರ ಪದ್ಧತಿ. ಒಬ್ಬರೇ ಹೋಗುವುದಿಲ್ಲ, ಕೊಟ್ಟದ್ದನ್ನು ಸಾರುವುದಿಲ್ಲ. ಹೆಸರಿನ ಆಸೆಯಿಂದ ನರಳುತ್ತಿರುವ ನಿಮಗೆ ಈ ಪದ್ಧತಿ ಒಳ್ಳೆಯದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂದು ಯೇಸು ಹೇಳಿದ್ದೂ ಇದನ್ನೇ. ದಾನಕ್ಕೆ ದಶಾಂಶದ ಲೆಕ್ಕ ಹಳೆಯ ಒಡಂಬಡಿಕೆಯಲ್ಲಿದೆ. ನೀವು ಅಷ್ಟರಿಂದಲೇ ಆರಂಭಿಸಬೇಕಿಲ್ಲ. ಪ್ರತಿ ತಿಂಗಳೂ ತಪ್ಪದೆ ಕೊಡಬಲ್ಲ ಒಂದು ಮೊತ್ತವನ್ನು ಗೊತ್ತುಮಾಡಿ, ಅಂಗಡಿ ಬಾಡಿಗೆಯ ಹಾಗೆ ತೆಗೆದಿಡಿ.

ಪ್ರಾರ್ಥನೆ, ಮಗಳು, ನಿದ್ದೆ

ರಾತ್ರಿಯ ಪ್ರಾರ್ಥನೆಯಲ್ಲಿ ನಾನು ಸ್ವಾರ್ಥಿ, ನಾನು ಪಾಪಿ ಎಂದು ಕೊರಗುವುದನ್ನು ಸ್ವಲ್ಪ ದಿನ ನಿಲ್ಲಿಸಿ. ಅದರಲ್ಲೂ ಮನಸ್ಸು ಸುತ್ತುವುದು ನಿಮ್ಮ ಸುತ್ತಲೇ. ಇಗ್ನಾಸಿಯವರು ಕಲಿಸಿದ ಆತ್ಮಪರೀಕ್ಷೆ ಕೃತಜ್ಞತೆಯಿಂದ ಆರಂಭವಾಗುತ್ತದೆ. ಮೊದಲು, ಇಂದು ನಾನು ಸಂಪಾದಿಸದೆಯೇ ನನಗೆ ಸಿಕ್ಕಿದ್ದು ಏನೇನು ಎಂದು ನೆನೆಯಿರಿ. ಆಮೇಲೆ, ಇಂದು ನನ್ನ ಮುಂದೆ ಯಾರು ಬಂದರು, ಅವರನ್ನು ಹೇಗೆ ನಡೆಸಿಕೊಂಡೆ ಎಂದು ಕೇಳಿಕೊಳ್ಳಿ. ಕೊನೆಗೆ, ನಾಳೆ ಯಾರಿಗೆ ಯಾವ ಒಂದು ಕೆಲಸ ಮಾಡಲಿ ಎಂದು ದೇವರನ್ನೇ ಕೇಳಿ. ಸಿಕ್ಕಿದ್ದನ್ನು ದಿನಾ ಎಣಿಸುವವನಿಗೆ ಕ್ರಮೇಣ ಭಯ ಇಳಿಯುತ್ತದೆ. ತನ್ನನ್ನು ನೋಡಿಕೊಳ್ಳುವವರಿದ್ದಾರೆ ಎಂದು ನಂಬಿದವನೇ ಬೇರೆಯವರನ್ನು ನೋಡಿಕೊಳ್ಳಬಲ್ಲ. ಕ್ರೈಸ್ತ ವಿಶ್ವಾಸ ಸ್ವಾರ್ಥವನ್ನು ಗೆಲ್ಲುವುದು ಹೀಗೆ. ನೀವು ಏನನ್ನೂ ಗಳಿಸುವ ಮೊದಲೇ ದೇವರು ನಿಮ್ಮನ್ನು ಪ್ರೀತಿಸಿದ್ದಾರೆ. ಆ ಪ್ರೀತಿಯನ್ನು ಕಾಯ್ದುಕೊಳ್ಳಲು ಯಾವ ಬೇಲಿಯೂ ಬೇಡ.

ಮಗಳಿಗೆ ಉಪದೇಶ ಮಾಡಬೇಡಿ. ಅವಳು ನಿಮ್ಮಿಂದ ಕೇಳಿದ್ದನ್ನು ಹೇಳಿದಳು, ಅವಳ ತಪ್ಪಿಲ್ಲ. "ಅಪ್ಪ ಹೇಳಿಕೊಟ್ಟದ್ದು ತಪ್ಪಾಗಿತ್ತು ಮಗಳೇ" ಎಂದು ಒಮ್ಮೆ ಹೇಳಿ, ಅಜ್ಜಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಶಾಲೆಗೆ ರಜೆಯಿದ್ದರೆ ಜೊತೆಗೆ ಕರೆದುಕೊಂಡು ಹೋಗಿ. ದೊಡ್ಡಪ್ಪನ ಮನೆಯಲ್ಲಿ ನಾಲ್ಕು ದಿನ ಇರಲಿ. ಹೆಂಡತಿಯವರ ಮಾತನ್ನೂ ಕೇಳಬೇಕಿದೆ. ಅವರು ನಿಮ್ಮ ಮುಖ ನೋಡಿದರು ಎಂದಷ್ಟೇ ಬರೆದಿದ್ದೀರಿ. ಆ ನೋಟದಲ್ಲಿ ಬಹಳ ದಿನದ ಮಾತಿರಬಹುದು. ಕೇಳಿ. ಕೊಡುವುದೇ ಆಗಲಿ, ಇಟ್ಟುಕೊಳ್ಳುವುದೇ ಆಗಲಿ, ಇನ್ನು ಮುಂದೆ ಇಬ್ಬರೂ ಸೇರಿ ತೀರ್ಮಾನಿಸಿ. ಹೆಂಡತಿಯನ್ನು ಕೇಳದೆ ಮಾಡಿದ ದಾನವೂ ಒಂದು ಬಗೆಯಲ್ಲಿ ನನ್ನದೇ ನಡೆಯಲಿ ಎಂಬುದೇ.

ಎಲ್ಲರಿಗೂ ಎಲ್ಲವನ್ನೂ ಕೊಡಬೇಕೆಂದು ನಾನು ಹೇಳುತ್ತಿಲ್ಲ. ಕುಡಿತಕ್ಕೆ ಸಾಲ ಕೇಳುವವರಿಗೆ ಇಲ್ಲ ಎನ್ನಬಹುದು. ಮಗಳ ಓದಿಗೆ ಉಳಿತಾಯ ಮಾಡುವುದು, ದಣಿದಾಗ ವಿಶ್ರಾಂತಿ ತೆಗೆದುಕೊಳ್ಳುವುದು ಸ್ವಾರ್ಥವಲ್ಲ. ನಿದ್ದೆಯ ತೊಂದರೆ ಹೀಗೇ ಮುಂದುವರಿದರೆ, ಊಟ ಸೇರದಿದ್ದರೆ, ಬದುಕೇ ಬೇಡ ಎನಿಸಿದರೆ, ಅದನ್ನು ಪ್ರಾರ್ಥನೆಯ ಕೊರತೆ ಎಂದುಕೊಳ್ಳದೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಸ್ವಾರ್ಥ ಒಂದು ದಿನ ಪೂರ್ತಿ ಹೊರಟುಹೋಗುತ್ತದೆ ಎಂದು ನಾನು ಮಾತು ಕೊಡಲಾರೆ. ಯೇಸುವಿನ ಬೆನ್ನಹಿಂದೆಯೇ ನಡೆದ ಯಕೋಬ, ಯೊವಾನ್ನರು ಕೂಡ ಜೆರುಸಲೇಮಿನ ದಾರಿಯಲ್ಲಿ ತಮಗೆ ಎಡಬಲದ ಪೀಠ ಬೇಕೆಂದು ಕೇಳಿದರು. ಯೇಸು ಅವರನ್ನು ಓಡಿಸಲಿಲ್ಲ, ದೊಡ್ಡವನಾಗಬೇಕಾದರೆ ಸೇವಕನಾಗು ಎಂದು ಕಲಿಸುತ್ತ ಜೊತೆಯಲ್ಲೇ ನಡೆಸಿಕೊಂಡು ಹೋದರು. ನಿಮ್ಮನ್ನೂ ಹಾಗೆಯೇ ನಡೆಸುತ್ತಾರೆ. ಹಳೆಯ ಭಯ ಮತ್ತೆ ಬರುತ್ತದೆ. ಬಂದಾಗ ಗುರುತು ಸಿಗುತ್ತದೆ, ಗುರುತು ಸಿಕ್ಕಿದ ಮೇಲೆ ಅದರ ಮಾತು ಕೇಳಲೇಬೇಕೆಂದಿಲ್ಲ.

ಇಂದು ರಾತ್ರಿ ಹೆಂಡತಿಯೊಡನೆ ಕೂತು ಮಾತಾಡಿ. ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿ. ಈ ಭಾನುವಾರ ಪೂಜೆ ಮುಗಿದ ಮೇಲೆ ಹೆಂಡತಿ, ಮಗಳೊಡನೆ ಊರಿನ ಬಸ್ಸು ಹತ್ತಿ. ದೇವರು ನಿಮ್ಮ ತಾಯಿಯವರನ್ನೂ ಅಣ್ಣ, ಅತ್ತಿಗೆ, ಅಕ್ಕನನ್ನೂ ನಿಮ್ಮ ಮನೆಯವರನ್ನೂ ಹರಸಲಿ.